ನವೀಕರಿಸಬಹುದಾದ ಇಂಧನ: ವಿದ್ಯುತ್ ಕಂಪನಿಗಳಿಗೆ ಕೇಂದ್ರ ಸಚಿವರ ಪ್ರಶ್ನೆಗಳು ಮತ್ತು ಗ್ರಾಹಕರ ಅರ್ಜಿಗಳು

ಸೌರಶಕ್ತಿ ಹಾಗೂ ಪವನಶಕ್ತಿ ಯೋಜನೆಗಳಿಗೆ ಟೆಂಡರ್ ಕರೆದು, ಕಡಿಮೆ ದರ ನಮೂದಿಸಿದ ಸಂಸ್ಥೆಗೆ ಮಂಜೂರಾತಿ ಪತ್ರವನ್ನೂ ನೀಡಿದ ಮೇಲೆ, ಆ ವಿದ್ಯುತ್ತನ್ನು ಕೊಳ್ಳುವ ಒಪ್ಪಂದಕ್ಕೆ ರಾಜ್ಯಗಳ ವಿದ್ಯುತ್ ಸರಬರಾಜು ಕಂಪನಿಗಳು ಸಹಿ ಹಾಕಲು ಏಕೆ ಹಿಂಜರಿಯುತ್ತಿವೆ ಎಂಬುದು ಕಳೆದ ಕೆಲವು ವರ್ಷಗಳಿಂದ ರಾಷ್ಟ್ರಮಟ್ಟದಲ್ಲಿ ಚರ್ಚೆಯಾಗುತ್ತಿರುವ ವಿಷಯವಾಗಿದೆ. 2024ರ ಜೂನ್‌ನಲ್ಲಿ ಕೇಂದ್ರದ ನೂತನ ಮತ್ತು ನವೀಕರಿಸಬಹುದಾದ ಇಂಧನ ಸಚಿವರಾಗಿ ಅಧಿಕಾರ ವಹಿಸಿಕೊಂಡ ಶ್ರೀ ಪ್ರಲ್ಹಾದ ಜೋಶಿ ಅವರು ಈ ಪ್ರಶ್ನೆಯನ್ನು ರಾಜ್ಯಗಳ ಮುಂದೆಯೂ ಕಂಪನಿಗಳ ಮುಂದೆಯೂ ಇರಿಸುತ್ತ ಬಂದಿದ್ದಾರೆ. ಬಾಕಿ ಉಳಿದ ಒಪ್ಪಂದಗಳಿಗೆ ಸಹಿ ಹಾಕಬೇಕು, ನವೀಕರಿಸಬಹುದಾದ ಇಂಧನ ಖರೀದಿಯ ಹೊಣೆಯನ್ನು ಪೂರೈಸಬೇಕು, ಮನೆಗಳ ಮೇಲ್ಛಾವಣಿ ಸೌರ ಘಟಕಗಳ ಅರ್ಜಿಗಳನ್ನು ತಡಮಾಡದೆ ಇತ್ಯರ್ಥಪಡಿಸಬೇಕು ಎಂಬುವು ಅವರ ಒತ್ತಾಯದ ಮುಖ್ಯಾಂಶಗಳು.

ಮೇಲ್ನೋಟಕ್ಕೆ ಇದು ದೆಹಲಿಯ ಸಭಾಂಗಣಗಳಿಗೆ ಸೀಮಿತವಾದ ವಿಷಯವೆಂದು ತೋರಬಹುದು. ಆದರೆ ಮೇಲ್ಛಾವಣಿ ಘಟಕಕ್ಕೆ ಅರ್ಜಿ ಹಾಕಿ ಮಾಪಕಕ್ಕಾಗಿ ಕಾಯುತ್ತಿರುವ ಗೃಹಬಳಕೆದಾರರು, ಸೌರ ಪಂಪ್‌ಸೆಟ್‌ಗೆ ಹೆಸರು ನೋಂದಾಯಿಸಿದ ರೈತರು ಮತ್ತು ಪ್ರತಿ ತಿಂಗಳು ಬಿಲ್ಲು ಪಾವತಿಸುವ ಎಲ್ಲ ಗ್ರಾಹಕರು ಈ ಪ್ರಶ್ನೆಯ ಉತ್ತರದೊಂದಿಗೆ ನೇರ ಸಂಬಂಧ ಹೊಂದಿದ್ದಾರೆ. ಆದ್ದರಿಂದ ವಿಷಯದ ಹಿನ್ನೆಲೆಯನ್ನು ಸಾರ್ವಜನಿಕರ ತಿಳಿವಳಿಕೆಗಾಗಿ ಇಲ್ಲಿ ವಿವರಿಸಲಾಗಿದೆ.

ಸ್ಥಾಪಿತ ಸಾಮರ್ಥ್ಯ ಮತ್ತು ವಾಸ್ತವ ಉತ್ಪಾದನೆ

2021ರ ನವೆಂಬರ್‌ನಲ್ಲಿ ಗ್ಲಾಸ್ಗೋ ನಗರದಲ್ಲಿ ನಡೆದ ಹವಾಮಾನ ಸಮಾವೇಶದಲ್ಲಿ ಭಾರತವು 2030ರ ಹೊತ್ತಿಗೆ ಪಳೆಯುಳಿಕೆಯೇತರ ಮೂಲಗಳಿಂದ 500 ಗಿಗಾವ್ಯಾಟ್ ಸಾಮರ್ಥ್ಯ ಗಳಿಸುವ ಗುರಿಯನ್ನೂ, 2070ಕ್ಕೆ ನಿವ್ವಳ ಶೂನ್ಯ ಹೊರಸೂಸುವಿಕೆಯ ಗುರಿಯನ್ನೂ ಘೋಷಿಸಿತು. 2025ರ ಜೂನ್ ಅಂತ್ಯಕ್ಕೆ ದೇಶದ ಒಟ್ಟು ಸ್ಥಾಪಿತ ಸಾಮರ್ಥ್ಯ 484.8 ಗಿಗಾವ್ಯಾಟ್ ಆಗಿದ್ದು, ಅದರಲ್ಲಿ 242.8 ಗಿಗಾವ್ಯಾಟ್ ಪಳೆಯುಳಿಕೆಯೇತರ ಮೂಲಗಳದ್ದಾಗಿತ್ತು. ಇದರಲ್ಲಿ ಸೌರ ಮತ್ತು ಪವನ ವಿದ್ಯುತ್ತಿನ ಜೊತೆಗೆ ದೊಡ್ಡ ಜಲವಿದ್ಯುತ್ ಹಾಗೂ ಪರಮಾಣು ವಿದ್ಯುತ್ ಸಹ ಸೇರಿವೆ. ಶೇಕಡ 50ರ ಗಡಿಯನ್ನು ನಿಗದಿತ ಅವಧಿಗೆ ಐದು ವರ್ಷ ಮೊದಲೇ ದಾಟಲಾಗಿದೆ ಎಂದು ಕೇಂದ್ರ ಸಚಿವರು 2025ರ ಜುಲೈನಲ್ಲಿ ಪ್ರಕಟಿಸಿದರು.

ಈ ಅಂಕಿಯನ್ನು ಓದುವಾಗ ಒಂದು ವ್ಯತ್ಯಾಸವನ್ನು ಗಮನದಲ್ಲಿಡುವುದು ಅಗತ್ಯ. ಸಾಮರ್ಥ್ಯದ ಅರ್ಧಭಾಗ ಎಂದರೆ ಬಳಕೆಯಾಗುವ ವಿದ್ಯುತ್ತಿನ ಅರ್ಧಭಾಗ ಎಂದಲ್ಲ. ವರ್ಷಕ್ಕೆ 8,760 ಗಂಟೆಗಳಿವೆ. ಒಂದು ಮೆಗಾವ್ಯಾಟ್‌ನ ಸೌರ ಸ್ಥಾವರವು ತನ್ನ ಸಾಮರ್ಥ್ಯದ ಶೇಕಡ 20ರಷ್ಟು ಪ್ರಮಾಣದಲ್ಲಿ ಕೆಲಸ ಮಾಡಿದರೆ ವರ್ಷಕ್ಕೆ ಸುಮಾರು 17.5 ಲಕ್ಷ ಯೂನಿಟ್ ದೊರೆಯುತ್ತದೆ. ಅಷ್ಟೇ ಸಾಮರ್ಥ್ಯದ ಕಲ್ಲಿದ್ದಲು ಸ್ಥಾವರ ಶೇಕಡ 70ರ ಆಸುಪಾಸಿನಲ್ಲಿ ನಡೆದರೆ 60 ಲಕ್ಷ ಯೂನಿಟ್‌ಗೂ ಹೆಚ್ಚು ಕೊಡುತ್ತದೆ. ದೇಶದಲ್ಲಿ ಉತ್ಪಾದನೆಯಾಗುವ ವಿದ್ಯುತ್ತಿನಲ್ಲಿ ಕಲ್ಲಿದ್ದಲಿನ ಪಾಲು 2024-25ನೇ ಸಾಲಿನಲ್ಲಿಯೂ ಶೇಕಡ 70ಕ್ಕಿಂತ ಹೆಚ್ಚೇ ಇತ್ತು. ಅದೇ ಸಾಲಿನಲ್ಲಿ ದೇಶದ ಕಲ್ಲಿದ್ದಲು ಉತ್ಪಾದನೆ ಮೊದಲ ಬಾರಿಗೆ 100 ಕೋಟಿ ಟನ್ ದಾಟಿತು. 2024ರ ಮೇ 30ರಂದು ದೇಶದ ಗರಿಷ್ಠ ಬೇಡಿಕೆ 250 ಗಿಗಾವ್ಯಾಟ್ ಮುಟ್ಟಿದಾಗ ಅದರ ಬಹುಪಾಲು ಭಾರವನ್ನು ಹೊತ್ತದ್ದು ಈ ಸ್ಥಾವರಗಳೇ.

ಪ್ರಶ್ನೆ ಕೇಳುತ್ತಿರುವ ಸಚಿವರೇ 2019ರಿಂದ 2024ರವರೆಗೆ ಕಲ್ಲಿದ್ದಲು ಮತ್ತು ಗಣಿ ಖಾತೆಯನ್ನು ನಿರ್ವಹಿಸಿದ್ದರು ಎಂಬುದು ಇಲ್ಲಿ ಸ್ಮರಣೀಯ. ಕಲ್ಲಿದ್ದಲಿನ ಕೊರತೆಯಾಗದಂತೆ ನೋಡಿಕೊಳ್ಳುವ ಹೊಣೆ ಹೊತ್ತವರ ಮೇಲೆಯೇ ಇಂದು ಕಲ್ಲಿದ್ದಲಿನ ಬದಲಿಗೆ ಬಿಸಿಲು ಮತ್ತು ಗಾಳಿಯನ್ನು ನೆಚ್ಚಿರಿ ಎಂದು ಹೇಳುವ ಹೊಣೆಯೂ ಬಂದಿದೆ. ಇದನ್ನು ವಿರೋಧಾಭಾಸವೆಂದು ಕರೆಯುವುದಕ್ಕಿಂತ, ದೇಶದ ಇಂಧನ ವ್ಯವಸ್ಥೆ ಸದ್ಯ ಎರಡೂ ದೋಣಿಗಳಲ್ಲಿ ಕಾಲಿಟ್ಟಿರುವುದರ ಲಕ್ಷಣವೆಂದು ತಿಳಿಯುವುದು ಹೆಚ್ಚು ಸರಿಯಾದೀತು.

ಕಂಪನಿಗಳು ಸಹಿ ಹಾಕದಿರಲು ಕಾರಣಗಳು

2023ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರವು ಪ್ರತಿ ವರ್ಷ 50 ಗಿಗಾವ್ಯಾಟ್ ಸಾಮರ್ಥ್ಯಕ್ಕೆ ಟೆಂಡರ್ ಕರೆಯುವ ಕಾರ್ಯಕ್ರಮವನ್ನು ಪ್ರಕಟಿಸಿ, ಭಾರತೀಯ ಸೌರಶಕ್ತಿ ನಿಗಮ, ಎನ್‌ಟಿಪಿಸಿ, ಎನ್‌ಎಚ್‌ಪಿಸಿ ಮತ್ತು ಎಸ್‌ಜೆವಿಎನ್ ಸಂಸ್ಥೆಗಳಿಗೆ ಆ ಕಾರ್ಯವನ್ನು ವಹಿಸಿತು. ಈ ಸಂಸ್ಥೆಗಳು ಮಧ್ಯವರ್ತಿಗಳಂತೆ ಕಾರ್ಯನಿರ್ವಹಿಸುತ್ತವೆ. ಒಂದು ಕಡೆ ಉತ್ಪಾದಕರಿಂದ ವಿದ್ಯುತ್ ಖರೀದಿ ಒಪ್ಪಂದ, ಇನ್ನೊಂದು ಕಡೆ ರಾಜ್ಯಗಳ ಕಂಪನಿಗಳಿಗೆ ವಿದ್ಯುತ್ ಮಾರಾಟ ಒಪ್ಪಂದ. ಎರಡನೆಯದು ಆಗದ ಹೊರತು ಮೊದಲನೆಯದು ಮುಂದೆ ಸಾಗುವುದಿಲ್ಲ. 2025ರ ವೇಳೆಗೆ ಹೀಗೆ ಮಂಜೂರಾಗಿಯೂ ಮಾರಾಟ ಒಪ್ಪಂದವನ್ನೋ ಪ್ರಸರಣ ಸಂಪರ್ಕವನ್ನೋ ಕಾಯುತ್ತಿದ್ದ ಸಾಮರ್ಥ್ಯ 40 ಗಿಗಾವ್ಯಾಟ್‌ಗೂ ಮಿಗಿಲಾಗಿತ್ತು.

ಕಂಪನಿಗಳ ಹಿಂಜರಿಕೆಯನ್ನು ಕೇವಲ ನಿರ್ಲಕ್ಷ್ಯವೆಂದು ತಳ್ಳಿಹಾಕಲಾಗದು. ಅದಕ್ಕೆ ಲೆಕ್ಕಾಚಾರದ ಆಧಾರವಿದೆ. ಮೊದಲನೆಯದಾಗಿ, ದರ ಇಳಿಯುತ್ತಲೇ ಬಂದ ಅನುಭವ. ರಾಜಸ್ಥಾನದ ಭಡ್ಲಾ ಸೌರ ಪಾರ್ಕಿನಲ್ಲಿ 2017ರ ಮೇ ತಿಂಗಳಲ್ಲಿ ಯೂನಿಟ್ಟಿಗೆ 2 ರೂಪಾಯಿ 44 ಪೈಸೆ ದರ ಬಂದಾಗ ಅದಕ್ಕಿಂತ ಕಡಿಮೆ ಸಾಧ್ಯವಿಲ್ಲವೆಂದು ಭಾವಿಸಲಾಗಿತ್ತು. 2020ರ ಡಿಸೆಂಬರ್‌ನಲ್ಲಿ ಗುಜರಾತಿನ ಟೆಂಡರಿನಲ್ಲಿ 1 ರೂಪಾಯಿ 99 ಪೈಸೆ ಬಂದಿತು. ಆತುರಪಟ್ಟು 25 ವರ್ಷಗಳ ಒಪ್ಪಂದಕ್ಕೆ ಸಹಿ ಹಾಕಿದವರು, ನೆರೆಯ ರಾಜ್ಯ ಮರುವರ್ಷ ಅದಕ್ಕಿಂತ ಕಡಿಮೆಗೆ ಕೊಂಡಾಗ ಲೆಕ್ಕ ಪರಿಶೋಧಕರ ಪ್ರಶ್ನೆಗೆ ಉತ್ತರಿಸಬೇಕಾಗುತ್ತದೆ. ತಡಮಾಡಿದವರನ್ನು ಯಾರೂ ಕೇಳುವುದಿಲ್ಲ. ಇಂತಹ ವ್ಯವಸ್ಥೆಯಲ್ಲಿ ಅಧಿಕಾರಿಗಳು ಕಾದು ನೋಡುವ ಧೋರಣೆ ತಳೆಯುವುದು ಅಸಹಜವೇನಲ್ಲ. 2020ರ ನಂತರ ಸೌರ ಫಲಕಗಳ ಆಮದು ಸುಂಕ ಮತ್ತು ದೇಶೀಯ ತಯಾರಿಕೆಯ ನಿಬಂಧನೆಗಳಿಂದಾಗಿ ದರ ಮತ್ತೆ ಏರಿತು ಎಂಬುದೂ ಉಂಟು. ಆದರೂ ಕಾಯುವ ಅಭ್ಯಾಸ ಮಾತ್ರ ಉಳಿಯಿತು.

ಎರಡನೆಯ ಕಾರಣ ಹೆಚ್ಚು ಆಳವಾದುದು. ಕಲ್ಲಿದ್ದಲು ಸ್ಥಾವರಗಳೊಂದಿಗೆ ಕಂಪನಿಗಳು ಈ ಹಿಂದೆ ಮಾಡಿಕೊಂಡ ದೀರ್ಘಾವಧಿ ಒಪ್ಪಂದಗಳಲ್ಲಿ ನಿಗದಿತ ವೆಚ್ಚ ಮತ್ತು ಇಂಧನ ವೆಚ್ಚ ಎಂಬ ಎರಡು ಭಾಗಗಳಿರುತ್ತವೆ. ಸ್ಥಾವರ ವಿದ್ಯುತ್ ನೀಡಲು ಸಿದ್ಧವಾಗಿದ್ದರೆ ಸಾಕು, ಕಂಪನಿ ಅದನ್ನು ಪಡೆಯಲಿ ಬಿಡಲಿ, ನಿಗದಿತ ವೆಚ್ಚವನ್ನು ಪಾವತಿಸಲೇಬೇಕು. ಮಧ್ಯಾಹ್ನ ಅಗ್ಗದ ಸೌರ ವಿದ್ಯುತ್ ಕೊಂಡು ಕಲ್ಲಿದ್ದಲು ಘಟಕವನ್ನು ತಗ್ಗಿಸಿದರೆ ಉಳಿಯುವುದು ಇಂಧನದ ವೆಚ್ಚ ಮಾತ್ರ. ಸಂಜೆ ಆರರ ನಂತರ ಸೂರ್ಯ ಮುಳುಗಿ, ಮನೆಗಳಲ್ಲಿ ದೀಪ, ಫ್ಯಾನು, ಟಿ.ವಿ. ಚಾಲನೆಗೊಂಡಾಗ ಅದೇ ಕಲ್ಲಿದ್ದಲು ಘಟಕವೇ ಬೇಕಾಗುತ್ತದೆ. ಹೀಗಾಗಿ ಟೆಂಡರಿನ ಕಾಗದದಲ್ಲಿ ಎರಡೂವರೆ ರೂಪಾಯಿಯಂತೆ ಕಾಣುವ ಸೌರ ವಿದ್ಯುತ್ತು ಕಂಪನಿಯ ಖಾತೆಯಲ್ಲಿ ಅಷ್ಟು ಅಗ್ಗವಾಗಿ ಕಾಣುವುದಿಲ್ಲ.

ಇದಕ್ಕೆ ಪರಿಹಾರವಾಗಿ ಹಗಲಿನ ವಿದ್ಯುತ್ತನ್ನು ಸಂಜೆಗೆ ಕೂಡಿಡುವ ಏರ್ಪಾಡು ಬೇಕು. 2025ರ ಫೆಬ್ರವರಿಯಲ್ಲಿ ಕೇಂದ್ರ ವಿದ್ಯುತ್ ಪ್ರಾಧಿಕಾರವು ಹೊಸ ಸೌರ ಟೆಂಡರುಗಳಲ್ಲಿ ಸ್ಥಾವರ ಸಾಮರ್ಥ್ಯದ ಶೇಕಡ 10ರಷ್ಟನ್ನಾದರೂ ಎರಡು ಗಂಟೆಗಳ ಕಾಲ ಪೂರೈಸಬಲ್ಲ ಸಂಗ್ರಹ ವ್ಯವಸ್ಥೆಯನ್ನು ಅದೇ ಸ್ಥಳದಲ್ಲಿ ಅಳವಡಿಸುವಂತೆ ಸಲಹೆ ನೀಡಿತು. ಬರಿಯ ಸೌರ ವಿದ್ಯುತ್ತಿಗೆ ಹೋಲಿಸಿದರೆ ಸಂಗ್ರಹ ಸೌಲಭ್ಯವುಳ್ಳ ವಿದ್ಯುತ್ತಿನ ಬಗ್ಗೆ ಕಂಪನಿಗಳು ಹೆಚ್ಚು ಆಸಕ್ತಿ ತೋರುತ್ತಿರುವುದು ಇದೇ ಕಾರಣಕ್ಕಾಗಿ. ಆದ್ದರಿಂದ ಬಾಕಿ ಉಳಿದ ಹಳೆಯ ಟೆಂಡರುಗಳಲ್ಲಿ ಕೆಲವನ್ನಾದರೂ ಸಂಗ್ರಹ ವ್ಯವಸ್ಥೆಯೊಂದಿಗೆ ಮರುರೂಪಿಸುವುದು ಸಹಿಗಾಗಿ ಒತ್ತಡ ಹೇರುವುದಕ್ಕಿಂತ ಫಲದಾಯಕವಾಗಬಹುದು.

ಮೂರನೆಯದು ಗ್ರಾಹಕರನ್ನು ಕಳೆದುಕೊಳ್ಳುವ ಆತಂಕ. ಕೈಗಾರಿಕೆ ಮತ್ತು ವಾಣಿಜ್ಯ ಗ್ರಾಹಕರು ಹೆಚ್ಚಿನ ದರ ತೆತ್ತು ಇತರ ವರ್ಗಗಳ ಕೊರತೆಯನ್ನು ತುಂಬುತ್ತಾರೆ. 2022ರ ಜೂನ್‌ನಲ್ಲಿ ಜಾರಿಗೆ ಬಂದ ಹಸಿರು ಇಂಧನ ಮುಕ್ತ ಪ್ರವೇಶ ನಿಯಮಗಳು, ನೇರವಾಗಿ ಉತ್ಪಾದಕರಿಂದ ವಿದ್ಯುತ್ ಕೊಳ್ಳಲು ಇದ್ದ 1 ಮೆಗಾವ್ಯಾಟ್ ಮಿತಿಯನ್ನು 100 ಕಿಲೋವ್ಯಾಟ್‌ಗೆ ಇಳಿಸಿದವು. ದೊಡ್ಡ ಗ್ರಾಹಕರು ಹೊರಟು ಹೋದಷ್ಟೂ ಕಂಪನಿಗೆ ಕೊಳ್ಳುವ ಶಕ್ತಿ ಕುಗ್ಗುತ್ತದೆ. ಕಂಪನಿಗಳ ಹಣಕಾಸು ಸ್ಥಿತಿ ಎಷ್ಟು ಬಿಗಡಾಯಿಸಿತ್ತು ಎಂಬುದಕ್ಕೆ, 2022ರ ಜೂನ್ ಆರಂಭದಲ್ಲಿ ದೇಶದ ಸರಬರಾಜು ಕಂಪನಿಗಳು ಉತ್ಪಾದಕರಿಗೆ ಕೊಡಬೇಕಿದ್ದ ಬಾಕಿ ಸುಮಾರು 1.38 ಲಕ್ಷ ಕೋಟಿ ರೂಪಾಯಿ ಇತ್ತು ಎಂಬ ಅಂಶವೇ ಸಾಕ್ಷಿ. ವಿಳಂಬ ಪಾವತಿ ಅಧಿಭಾರ ನಿಯಮಗಳು ಜಾರಿಯಾದ ಮೇಲೆ, ಅಂದರೆ ಬಾಕಿ ತೀರಿಸದಿದ್ದರೆ ಮಾರುಕಟ್ಟೆಯ ವಿದ್ಯುತ್ ನಿಂತುಹೋಗುವ ಸ್ಥಿತಿ ಬಂದ ಮೇಲೆ, ಈ ಹೊರೆ ಗಣನೀಯವಾಗಿ ಇಳಿಯಿತು.

ಉತ್ತರಿಸಬೇಕಾದವರು ಯಾರು

ಸಂವಿಧಾನದ ಏಳನೆಯ ಅನುಸೂಚಿಯಂತೆ ವಿದ್ಯುಚ್ಛಕ್ತಿಯು ಸಮವರ್ತಿ ಪಟ್ಟಿಗೆ ಸೇರಿದೆ. ಸರಬರಾಜು ಕಂಪನಿಗಳಲ್ಲಿ ಬಹುತೇಕ ಎಲ್ಲವೂ ರಾಜ್ಯ ಸರ್ಕಾರಗಳ ಒಡೆತನದಲ್ಲಿವೆ. ಅವುಗಳ ದರ ಹಾಗೂ ಖರೀದಿಗೆ ಅನುಮೋದನೆ ನೀಡುವುದು ರಾಜ್ಯದ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ. ಕೇಂದ್ರದಲ್ಲಿಯೂ 2024ರವರೆಗೆ ವಿದ್ಯುತ್ ಮತ್ತು ನವೀಕರಿಸಬಹುದಾದ ಇಂಧನ ಖಾತೆಗಳೆರಡೂ ಶ್ರೀ ಆರ್.ಕೆ. ಸಿಂಗ್ ಅವರ ಬಳಿಯಿದ್ದವು. ಆ ವರ್ಷದ ಜೂನ್‌ನಲ್ಲಿ ಅವು ಬೇರೆಯಾಗಿ, ವಿದ್ಯುತ್ ಖಾತೆ ಶ್ರೀ ಮನೋಹರ್ ಲಾಲ್ ಅವರಿಗೆ ವಹಿಸಲ್ಪಟ್ಟಿತು. ಹೀಗಾಗಿ ನವೀಕರಿಸಬಹುದಾದ ಇಂಧನ ಸಚಿವರು ಕಂಪನಿಗಳನ್ನು ಪ್ರಶ್ನಿಸಬಲ್ಲರು, ಒತ್ತಾಯಿಸಬಲ್ಲರು. ಆದರೆ ಸಹಿ ಹಾಕಿರಿ ಎಂದು ಆದೇಶಿಸುವ ಅಧಿಕಾರ ಅವರಿಗಿಲ್ಲ.

ಕಾನೂನಿನ ಬಲವಿರುವುದು ಖರೀದಿ ಹೊಣೆಯ ನಿಯಮಕ್ಕೆ. 2003ರ ವಿದ್ಯುಚ್ಛಕ್ತಿ ಅಧಿನಿಯಮದ 86ನೇ ಪ್ರಕರಣವು ಈ ಹೊಣೆಯನ್ನು ನಿಗದಿಪಡಿಸುವ ಕಾರ್ಯವನ್ನು ರಾಜ್ಯ ಆಯೋಗಗಳಿಗೆ ವಹಿಸಿತ್ತು. 2022ರಲ್ಲಿ ಇಂಧನ ಸಂರಕ್ಷಣಾ ಅಧಿನಿಯಮಕ್ಕೆ ತಿದ್ದುಪಡಿ ತಂದು ಕೇಂದ್ರವೂ ಆ ಅಧಿಕಾರ ಪಡೆಯಿತು. 2023ರ ಅಕ್ಟೋಬರ್ ಅಧಿಸೂಚನೆಯಲ್ಲಿ 2024-25ನೇ ಸಾಲಿಗೆ ಒಟ್ಟು ಬಳಕೆಯ ಶೇಕಡ 29.91ರಷ್ಟನ್ನು, ಹಂತಹಂತವಾಗಿ ಏರಿಸಿ 2029-30ಕ್ಕೆ ಶೇಕಡ 43.33ರಷ್ಟನ್ನು ನವೀಕರಿಸಬಹುದಾದ ಮೂಲಗಳಿಂದ ಪಡೆಯಬೇಕೆಂದು ಗೊತ್ತುಪಡಿಸಲಾಯಿತು. ಮೇಲ್ಛಾವಣಿಯಂತಹ ಚಿಕ್ಕ ಘಟಕಗಳಿಂದ ಬರಬೇಕಾದ ಪಾಲನ್ನು ಅದರಲ್ಲಿ ಪ್ರತ್ಯೇಕವಾಗಿ ತೋರಿಸಲಾಗಿದೆ ಎಂಬುದು ಸಾಮಾನ್ಯ ಅರ್ಜಿದಾರರಿಗೆ ಮಹತ್ವದ ಸಂಗತಿ. ಮನೆಯ ಮೇಲಿನ ಫಲಕ ಇನ್ನು ಮುಂದೆ ಕಂಪನಿಗೆ ಬರಿಯ ನಷ್ಟದ ಬಾಬ್ತಲ್ಲ, ಅದು ಪೂರೈಸಲೇಬೇಕಾದ ಹೊಣೆಯ ಒಂದು ಭಾಗವೂ ಹೌದು.

ಕರ್ನಾಟಕದ ಸ್ಥಿತಿ

1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ಜಲವಿದ್ಯುತ್ ಹರಿಸಿದ ನಾಡಿಗೆ ನವೀಕರಿಸಬಹುದಾದ ಇಂಧನ ಹೊಸತಲ್ಲ. ತುಮಕೂರು ಜಿಲ್ಲೆಯ ಪಾವಗಡ ತಾಲ್ಲೂಕಿನ ತಿರುಮಣಿ ಸುತ್ತಲಿನ ಐದು ಗ್ರಾಮಗಳಲ್ಲಿ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟ್ ಸಾಮರ್ಥ್ಯದ ಸೌರ ಪಾರ್ಕ್ 2019ರಲ್ಲಿ ಪೂರ್ಣಗೊಂಡಿತು. ಇಲ್ಲಿ ಜಮೀನನ್ನು ಸ್ವಾಧೀನಪಡಿಸಿಕೊಳ್ಳದೆ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ, ಎರಡು ವರ್ಷಕ್ಕೊಮ್ಮೆ ಶೇಕಡ 5ರ ಹೆಚ್ಚಳದೊಂದಿಗೆ ರೈತರಿಂದ ಗುತ್ತಿಗೆಗೆ ಪಡೆಯಲಾಯಿತು. ಜಮೀನಿನ ಒಡೆಯರಿಗೆ ಇದರಿಂದ ಸ್ಥಿರ ಆದಾಯ ದೊರೆತರೂ, ಆ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದ ಭೂರಹಿತರಿಗೆ ಗುತ್ತಿಗೆಯ ಹಣದಲ್ಲಿ ಪಾಲಿಲ್ಲವೆಂಬ ಆಕ್ಷೇಪ ಸಕಾರಣವಾದುದು.

ರಾಜ್ಯದ ಕಂಪನಿಗಳಿಗೆ ಹಗಲಿನ ಸೌರ ವಿದ್ಯುತ್ತಿನ ಅಭಾವವಿಲ್ಲ. ಅಭಾವವಿರುವುದು ಮುಂಗಾರು ಕೈಕೊಟ್ಟ ವರ್ಷ ಶರಾವತಿಯಂತಹ ಜಲಾಶಯಗಳು ಬರಿದಾದಾಗ, ಮತ್ತು ಸಂಜೆಯ ಗಂಟೆಗಳಲ್ಲಿ. ಆ ಹೊತ್ತಿನ ಬೇಡಿಕೆಯನ್ನು ರಾಯಚೂರು, ಬಳ್ಳಾರಿ, ಯರಮರಸ್ ಮತ್ತು ಕೂಡಗಿಯ ಕಲ್ಲಿದ್ದಲು ಘಟಕಗಳು ತುಂಬಿಕೊಡುತ್ತವೆ. ಆದ್ದರಿಂದ ಇನ್ನಷ್ಟು ಮೆಗಾವ್ಯಾಟ್ ಏಕೆ ಕೊಳ್ಳುತ್ತಿಲ್ಲ ಎಂಬ ಪ್ರಶ್ನೆಗಿಂತ ಯಾವ ಹೊತ್ತಿನ ಮೆಗಾವ್ಯಾಟ್ ಎಂಬ ಪ್ರಶ್ನೆ ಕರ್ನಾಟಕಕ್ಕೆ ಹೆಚ್ಚು ಸಲ್ಲುತ್ತದೆ.

ಮೇಲ್ಛಾವಣಿ ಘಟಕದ ಅರ್ಜಿದಾರರಿಗೆ ಅನ್ವಯಿಸುವ ಅಂಶಗಳು

ರಾಜ್ಯದಲ್ಲಿ ಮೇಲ್ಛಾವಣಿ ಯೋಜನೆಗೆ ಹಳೆಯ ಚರಿತ್ರೆಯೊಂದಿದೆ. 2013ರಲ್ಲಿ ರಾಜ್ಯ ಆಯೋಗವು ಸಹಾಯಧನ ಪಡೆಯದ ಮೇಲ್ಛಾವಣಿ ಘಟಕಗಳಿಗೆ ಯೂನಿಟ್ಟಿಗೆ 9 ರೂಪಾಯಿ 56 ಪೈಸೆ ದರ ನಿಗದಿಪಡಿಸಿದಾಗ ಬಹಳ ಮಂದಿ ಆಸಕ್ತಿ ತೋರಿದ್ದರು. ಫಲಕಗಳ ಬೆಲೆ ಇಳಿದಂತೆ ಆ ದರವೂ ಇಳಿಯಿತು. ಈಗ ಘಟಕ ಹಾಕಿಸುವವರ ಮುಖ್ಯ ಲಾಭ ಮಾರಾಟದಿಂದಲ್ಲ, ತಮ್ಮ ಬಿಲ್ಲಿನ ಉಳಿತಾಯದಿಂದ.

2024ರ ಫೆಬ್ರವರಿಯಲ್ಲಿ ಆರಂಭವಾದ ಪ್ರಧಾನಮಂತ್ರಿ ಸೂರ್ಯಘರ್ ಉಚಿತ ವಿದ್ಯುತ್ ಯೋಜನೆಯು 75,021 ಕೋಟಿ ರೂಪಾಯಿ ವೆಚ್ಚದಲ್ಲಿ ಒಂದು ಕೋಟಿ ಮನೆಗಳನ್ನು ತಲುಪುವ ಉದ್ದೇಶ ಹೊಂದಿದ್ದು, 2026-27ನೇ ಸಾಲಿನವರೆಗೆ ಮಂಜೂರಾಗಿದೆ. 2025ರ ಮಾರ್ಚ್ 10ರ ವೇಳೆಗೆ 10 ಲಕ್ಷ ಮನೆಗಳಲ್ಲಿ ಘಟಕಗಳು ಅಳವಡಿಕೆಯಾಗಿದ್ದವು. ಗುಜರಾತ್ ಮತ್ತು ಮಹಾರಾಷ್ಟ್ರ ಮುಂಚೂಣಿಯಲ್ಲಿದ್ದವು. ಯೋಜನೆಯಡಿ 1 ಕಿಲೋವ್ಯಾಟ್‌ಗೆ 30,000 ರೂಪಾಯಿ, 2 ಕಿಲೋವ್ಯಾಟ್‌ಗೆ 60,000 ರೂಪಾಯಿ, 3 ಕಿಲೋವ್ಯಾಟ್ ಮತ್ತು ಅದಕ್ಕೂ ಹೆಚ್ಚಿನ ಘಟಕಕ್ಕೆ 78,000 ರೂಪಾಯಿ ಸಹಾಯಧನ ನಿಗದಿಯಾಗಿದೆ. ವಸತಿ ಸಮುಚ್ಚಯಗಳ ಸಾಮಾನ್ಯ ಬಳಕೆಗೆ ಕಿಲೋವ್ಯಾಟ್‌ಗೆ 18,000 ರೂಪಾಯಿ. ಫಲಕಗಳು ದೇಶದಲ್ಲಿ ತಯಾರಾದ ಕೋಶಗಳಿಂದ ಮಾಡಿದವಾಗಿರಬೇಕು. ಅಗ್ಗವೆಂದು ಬೇರೆ ಫಲಕ ಹಾಕಿಸಿದರೆ ಸಹಾಯಧನ ದೊರೆಯದು.

ಒಂದು ಕಿಲೋವ್ಯಾಟ್ ಘಟಕ ಈ ಭಾಗದ ಬಿಸಿಲಿಗೆ ದಿನಕ್ಕೆ ಸರಾಸರಿ 4 ಯೂನಿಟ್ ಉತ್ಪಾದಿಸುತ್ತದೆ ಎಂದು ಎಣಿಸಿದರೆ, 3 ಕಿಲೋವ್ಯಾಟ್ ಘಟಕದಿಂದ ತಿಂಗಳಿಗೆ ಸುಮಾರು 360 ಯೂನಿಟ್ ದೊರೆಯುತ್ತದೆ. ಇಲ್ಲಿ ಕರ್ನಾಟಕದ ಗೃಹಬಳಕೆದಾರರು ಒಂದು ಲೆಕ್ಕವನ್ನು ಮಾಡಿಕೊಳ್ಳಬೇಕಾಗುತ್ತದೆ. 2023ರಲ್ಲಿ ಜಾರಿಗೆ ಬಂದ ಗೃಹಜ್ಯೋತಿ ಯೋಜನೆಯಡಿ, ಹಿಂದಿನ ಸರಾಸರಿ ಬಳಕೆಯ ಆಧಾರದ ಮೇಲೆ 200 ಯೂನಿಟ್ ಮಿತಿಯೊಳಗೆ ಉಚಿತ ವಿದ್ಯುತ್ ಪಡೆಯುತ್ತಿರುವ ಕುಟುಂಬಕ್ಕೆ ಸ್ವಂತ ಹಣ ಹೂಡಿ ಫಲಕ ಹಾಕಿಸಲು ತಕ್ಷಣದ ಕಾರಣ ಕಾಣುವುದಿಲ್ಲ. ಮೇಲ್ಛಾವಣಿ ಘಟಕದಿಂದ ನಿಜವಾದ ಪ್ರಯೋಜನ ಇರುವುದು ಆ ಮಿತಿಯನ್ನು ದಾಟಿ ಪೂರ್ಣ ಬಿಲ್ಲು ತೆರುತ್ತಿರುವ ಮನೆಗಳಿಗೆ. ಎರಡೂ ಯೋಜನೆಗಳು ಒಳ್ಳೆಯ ಉದ್ದೇಶದವೇ ಆದರೂ ಒಂದು ಇನ್ನೊಂದರ ವೇಗವನ್ನು ತಗ್ಗಿಸುತ್ತದೆ ಎಂಬುದನ್ನು ಮರೆಮಾಚುವಂತಿಲ್ಲ.

ವಿದ್ಯುಚ್ಛಕ್ತಿ (ಗ್ರಾಹಕರ ಹಕ್ಕುಗಳು) ನಿಯಮಗಳಿಗೆ 2024ರ ಫೆಬ್ರವರಿಯಲ್ಲಿ ತರಲಾದ ತಿದ್ದುಪಡಿಯು ಅರ್ಜಿದಾರರ ಪಾಲಿಗೆ ಎಲ್ಲಕ್ಕಿಂತ ಉಪಯುಕ್ತವಾದುದು. ಅದರಂತೆ 10 ಕಿಲೋವ್ಯಾಟ್‌ವರೆಗಿನ ಪೂರ್ಣ ಅರ್ಜಿಯನ್ನು ತಾಂತ್ರಿಕ ಕಾರ್ಯಸಾಧ್ಯತೆಯ ಅಧ್ಯಯನವಿಲ್ಲದೆಯೇ ಅಂಗೀಕೃತವೆಂದು ಭಾವಿಸತಕ್ಕದ್ದು. ಅಗತ್ಯವಿದ್ದಲ್ಲಿ ಮಂಜೂರಾದ ಲೋಡನ್ನು ಕಂಪನಿಯೇ ಹೆಚ್ಚಿಸತಕ್ಕದ್ದು. ಅದಕ್ಕಿಂತ ದೊಡ್ಡ ಘಟಕಗಳ ಅಧ್ಯಯನಕ್ಕೆ 15 ದಿನಗಳ ಗಡುವು. ಗಡುವು ಮೀರಿದರೆ ಅನುಮತಿ ದೊರೆತಂತೆಯೇ. 5 ಕಿಲೋವ್ಯಾಟ್‌ವರೆಗಿನ ಘಟಕಕ್ಕಾಗಿ ಟ್ರಾನ್ಸ್‌ಫಾರ್ಮರ್ ಅಥವಾ ಮಾರ್ಗವನ್ನು ಬಲಪಡಿಸಬೇಕಾದರೆ ಆ ವೆಚ್ಚ ಕಂಪನಿಯದು, ಅರ್ಜಿದಾರರದ್ದಲ್ಲ. ಅಳವಡಿಕೆಯ ಪ್ರಮಾಣಪತ್ರ ಸಲ್ಲಿಸಿದ 15 ದಿನಗಳೊಳಗೆ ಒಪ್ಪಂದ, ಮಾಪಕ ಜೋಡಣೆ ಮತ್ತು ಚಾಲನೆ ಮುಗಿಯಬೇಕು. ಟ್ರಾನ್ಸ್‌ಫಾರ್ಮರಿನ ಸಾಮರ್ಥ್ಯ ಸಾಲದು ಎಂಬ ಮೌಖಿಕ ಉತ್ತರಕ್ಕೆ ತೃಪ್ತರಾಗಿ ಹಿಂದಿರುಗುವ ಅರ್ಜಿದಾರರು ಈ ಅಂಶವನ್ನು ವಿಶೇಷವಾಗಿ ಗಮನಿಸತಕ್ಕದ್ದು. ಅಂತಹ ಉತ್ತರವನ್ನು ಲಿಖಿತವಾಗಿ ಕೇಳಿ ಪಡೆಯಬಹುದಾಗಿದೆ.

ಅರ್ಜಿ ನಿಲ್ಲುವುದು ಬಹಳಷ್ಟು ಸಲ ತಾಂತ್ರಿಕ ಕಾರಣಕ್ಕಲ್ಲ, ಹೆಸರಿನ ವ್ಯತ್ಯಾಸಕ್ಕೆ. ಆರ್.ಆರ್. ಸಂಖ್ಯೆ ತೀರಿಕೊಂಡ ತಂದೆಯ ಹೆಸರಿನಲ್ಲಿಯೋ ಮನೆ ಮಾರಿದವರ ಹೆಸರಿನಲ್ಲಿಯೋ ಇದ್ದು, ಅರ್ಜಿ ಮತ್ತು ಬ್ಯಾಂಕ್ ಖಾತೆ ಮಗನ ಹೆಸರಿನಲ್ಲಿದ್ದರೆ ತೊಡಕಾಗುತ್ತದೆ. ಆದ್ದರಿಂದ ಯೋಜನೆಯ ಜಾಲತಾಣದಲ್ಲಿ ನೋಂದಾಯಿಸುವ ಮುನ್ನ ಉಪವಿಭಾಗ ಕಚೇರಿಯಲ್ಲಿ ಹೆಸರು ಬದಲಾವಣೆ ಮಾಡಿಸಿಕೊಂಡು, ಬಾಕಿ ಬಿಲ್ಲು ಪಾವತಿಸಿರುವುದು ಒಳಿತು. ಸಹಾಯಧನ ನೇರವಾಗಿ ಗ್ರಾಹಕರ ಬ್ಯಾಂಕ್ ಖಾತೆಗೆ ಜಮೆಯಾಗುವುದರಿಂದ, ಅದನ್ನು ಕೊಡಿಸುವುದಾಗಿ ಹೇಳುವ ಮಧ್ಯವರ್ತಿಗಳಿಗೆ ಹಣ ನೀಡುವ ಅಗತ್ಯವಿರುವುದಿಲ್ಲ. 2025ರ ಸೆಪ್ಟೆಂಬರ್ 22ರಿಂದ ಸೌರ ಉಪಕರಣಗಳ ಮೇಲಿನ ಸರಕು ಮತ್ತು ಸೇವಾ ತೆರಿಗೆಯನ್ನು ಶೇಕಡ 12ರಿಂದ 5ಕ್ಕೆ ಇಳಿಸಲಾಗಿರುವುದರಿಂದ, ಮಾರಾಟಗಾರರ ದರಪಟ್ಟಿಯಲ್ಲಿ ಆ ಇಳಿಕೆ ಸೇರಿದೆಯೇ ಎಂಬುದನ್ನು ಪರಿಶೀಲಿಸಬೇಕು.

ಕೃಷಿ ಪಂಪ್‌ಸೆಟ್‌ಗಳಿಗೆ ಸಂಬಂಧಿಸಿದಂತೆ, ವಿದ್ಯುತ್ ಜಾಲದಿಂದ 500 ಮೀಟರ್‌ಗಿಂತ ದೂರವಿರುವ ಕೊಳವೆಬಾವಿಗಳಿಗೆ ಸೌರ ಪಂಪ್‌ಸೆಟ್ ಒದಗಿಸುವ ನೀತಿಯನ್ನು ರಾಜ್ಯ ಅನುಸರಿಸುತ್ತಿದೆ. ಕುಸುಮ್ ಯೋಜನೆಯ ಬಿ ಘಟಕದಡಿ ವೆಚ್ಚದ ಶೇಕಡ 30ರಷ್ಟನ್ನು ಕೇಂದ್ರವೂ, ಶೇಕಡ 50ರಷ್ಟನ್ನು ರಾಜ್ಯವೂ ಭರಿಸಿ, ಉಳಿದ ಶೇಕಡ 20ರಷ್ಟನ್ನು ರೈತರು ಪಾವತಿಸುವ ಏರ್ಪಾಡಿದೆ.

ನಿಗದಿತ ಗಡುವು ಮೀರಿದಲ್ಲಿ ಮೊದಲು 1912 ದೂರವಾಣಿ ಸಂಖ್ಯೆಗೆ ಅಥವಾ ಉಪವಿಭಾಗದ ಸಹಾಯಕ ಕಾರ್ಯನಿರ್ವಾಹಕ ಎಂಜಿನಿಯರ್ ಅವರಿಗೆ ದೂರು ನೀಡಿ, ದೂರಿನ ಸಂಖ್ಯೆಯನ್ನು ಬರೆದಿಟ್ಟುಕೊಳ್ಳತಕ್ಕದ್ದು. ಅಲ್ಲಿ ಪರಿಹಾರ ದೊರೆಯದಿದ್ದರೆ 2003ರ ಅಧಿನಿಯಮದ 42ನೇ ಪ್ರಕರಣದಂತೆ ರಚಿತವಾದ ಗ್ರಾಹಕರ ಕುಂದುಕೊರತೆ ಪರಿಹಾರ ವೇದಿಕೆಗೆ, ಆ ವೇದಿಕೆಯ ತೀರ್ಮಾನವೂ ಸಮಾಧಾನ ತರದಿದ್ದಲ್ಲಿ ವಿದ್ಯುಚ್ಛಕ್ತಿ ಓಂಬುಡ್ಸ್‌ಮನ್ ಅವರಿಗೆ ಅರ್ಜಿ ಸಲ್ಲಿಸಬಹುದಾಗಿದೆ. ಅರ್ಜಿಯೊಂದಿಗೆ ನೋಂದಣಿ ಸಂಖ್ಯೆ, ಇತ್ತೀಚಿನ ಬಿಲ್ಲಿನ ಪ್ರತಿ ಮತ್ತು ಅಳವಡಿಕೆಯ ಪ್ರಮಾಣಪತ್ರ ಸಲ್ಲಿಸಿದ ದಿನಾಂಕದ ಸ್ವೀಕೃತಿಯನ್ನು ಲಗತ್ತಿಸತಕ್ಕದ್ದು. 15 ದಿನಗಳ ಎಣಿಕೆ ಆರಂಭವಾಗುವುದು ಆ ದಿನಾಂಕದಿಂದ.